ಬೆಟ್ಟದಲ್ಲಿ ಜಿಂಕೆ ಕೊಯ್ದಾಗ

ಹಿರೋಷಿಮಾದ ಹಿಂದಿನ ಬೆಟ್ಟಗಳಲ್ಲಿ ಹಿಮ ಬಿದ್ದಿದೆ. ನನ್ನ ಗಂಡನ ಲ್ಯಾಬಿನ ಒಕಾದಾ ಸಾನ್, ತಾವೇ ಗುಂಡು ಹೊಡೆದ ಜಿಂಕೆಯ ಮುಂದೆ ಮಂಡಿಯೂರಿ ಕೈಮುಗಿದರು. ಮಂತ್ರವಿರಬಹುದೆಂದು ನಾನೂ ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಚಾಕು ಅದರ ಕತ್ತಿನಲ್ಲಿತ್ತು! ರಕ್ತ ಬಸಿದ ಮೇಲೆ ಹೊಟ್ಟೆಯ ಸರದಿ.

"ಈಗ್ಲೇ ಕರುಳು ತೆಗೀಬೇಕಂತೆ. ಮೈ ಬೇಗ ತಣ್ಣಗಾಗ್ದಿದ್ರೆ ಮಾಂಸ ಕೆಡುತ್ತಂತೆ," ಎಂದ ಗಂಡ.

"ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಒಕಾದಾ ಸಾನ್, ಕಾಲು ಅಗಲವಾಗಿರಲೆಂದು ಅದರ ತೊಡೆಯನ್ನು ನನ್ನ ಕೈಗೆ ಹಿಡಿಸಿದರು. ಮೊಟ್ಟೆಯನ್ನೂ ಮುಟ್ಟದವಳು ನಾನು! ಅವರು ಹೊಟ್ಟೆಯೊಳಗೆ ಕೈ ತೂರಿಸಿ, ಕರುಳು ಒಡೆಯದಂತೆ ಮೆಲ್ಲಗೆ ಹೊರಗೆಳೆದರು. ಹಬೆ ನನ್ನ ಮುಖಕ್ಕೆ ಹೊಡೆಯಿತು.

"ಸಾಕು, ಬಿಟ್ಬಿಡೇ," ಎಂದ ಗಂಡ.

ಬಿಡಲಿಲ್ಲ. ಚಳಿಗೆ ಮರಗಟ್ಟಿದ್ದ ನನ್ನ ಬೆರಳುಗಳಿಗೆ ಆ ತೊಡೆಯ ಬಿಸಿ ಹಿತವಾಗಿತ್ತು.