ಗೋಡೆಯ ಮೇಲಿನ ನೀಲಿ ಅಂಗೈ

ನಮ್ಮತ್ತೆ ಬೀದಿಗೆಲ್ಲ ಟೈಲರಮ್ಮ. ತಲೆಸುತ್ತು ಶುರುವಾದ ಮೇಲೂ ಅವರು ಬಟ್ಟೆ ಕತ್ತರಿಸುವುದನ್ನು ಬಿಡಲಿಲ್ಲ. ಗುರುತು ಹಾಕುವ ನೀಲಿ ಸೀಮೆಸುಣ್ಣ ಸದಾ ಕೈಗೆ ಮೆತ್ತಿರುತ್ತಿತ್ತು. ತಲೆ ತಿರುಗಿದಾಗ ಗೋಡೆ ಹಿಡಿಯುತ್ತಿದ್ದರು, ಅಲ್ಲಿ ಅಂಗೈ ಮೂಡುತ್ತಿತ್ತು. ಒರೆಸುವ ಮೊದಲು ನಾನು ಅವನ್ನು ಎಣಿಸುತ್ತಿದ್ದೆ.

ಡಾಕ್ಟರು ಅವರನ್ನು ಮಲಗಿಸಿ, ತಲೆ ಹೊರಳಿಸಿ ನೋಡಿ, ಒಳಗಿವಿಯ ತೊಂದರೆ ಎಂದರು. ವ್ಯಾಯಾಮ ಕಲಿಸಿದರು. ನನ್ನ ಸೊಂಟದ ಮೇಲಿದ್ದ ಮಗಳನ್ನು ನೋಡಿ ಹೇಳಿದರು, "ವಾಸಿಯಾಗೋವರೆಗೆ ತಲೇನ ಥಟ್ಟನೆ ತಿರುಗಿಸ್ಬೇಡಿ. ಮಗೂನ ಎತ್ಕೊಂಡು ಮೆಟ್ಟಿಲಂತೂ ಹತ್ಲೇಬೇಡಿ."

"ಜೀವಮಾನವೆಲ್ಲ ಮಷೀನ್ ತುಳಿದ ಕಾಲು ಡಾಕ್ಟ್ರೇ, ನಿಮ್ಮದಕ್ಕಿಂತ ಗಟ್ಟಿ," ಎಂದು ಅತ್ತೆ ನಕ್ಕರು. ನನಗೆ, "ನೀನೊಬ್ಬಳು, ಹಗ್ಗ ಕಂಡ್ರೂ ಹಾವು ಅಂತೀಯ," ಎಂದರು.

ಅವತ್ತು ನಾನು ಅಂಗಡಿಯಿಂದ ಬಂದಾಗ ಮಗುವಿನ ಹಾಸಿಗೆ ಖಾಲಿಯಿತ್ತು. ಮಹಡಿ ಮೆಟ್ಟಿಲ ಗೋಡೆಯುದ್ದಕ್ಕೂ ನೀಲಿ ಅಂಗೈಗಳು ಹತ್ತಿ ಹೋಗಿದ್ದವು. ಕೊನೆಯದು ಜಾರಿ ಉದ್ದಕ್ಕೆ ಎಳೆದುಕೊಂಡಿತ್ತು. ಅತ್ತೆ ಮೇಲಿನ ಮೆಟ್ಟಿಲಲ್ಲಿ, ನನಗೆ ಬೆನ್ನು ಮಾಡಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

ಕೂಗಲು ಬಾಯಿ ತೆರೆದೆ. ಕೂಗಿದರೆ ಅವರು ಥಟ್ಟನೆ ತಿರುಗುತ್ತಾರೆ! ಬಾಯಿ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹತ್ತತೊಡಗಿದೆ.

ಅಷ್ಟರಲ್ಲಿ ಹೆಗಲ ಮೇಲಿದ್ದ ಮಗಳು ನನ್ನನ್ನು ಕಂಡು, ಖುಷಿಯಿಂದ ಎರಡೂ ಕೈ ಚಾಚಿ, "ಅಮ್ಮಾ!" ಎಂದಳು.