ಸೋಮವಾರದ ಬಾಗಿಲಿಗೆ ಬೆನ್ನು ಮಾಡಿ ಕುಳಿತವರು

ಬೆಳಗಿನ ಐದೂವರೆ. ಚರ್ಚಿನೊಳಗೆ ಒಂದೇ ಒಂದು ದೀಪ ಉರಿಯುತ್ತಿದೆ. ನಿನ್ನೆಯ ಆರಾಧನೆಯಲ್ಲಿ ಪ್ರಭುಭೋಜನದ ದ್ರಾಕ್ಷಾರಸ ಕೊಡಲು ಬಳಸಿದ ಗಾಜಿನ ಪುಟ್ಟ ಬಟ್ಟಲುಗಳು, ಒಟ್ಟು ನೂರ ಹನ್ನೆರಡು, ಬಟ್ಟೆಯ ಮೇಲೆ ಬೋರಲಾಗಿ ಸಾಲು ಹಿಡಿದಿವೆ. ಐವತ್ತೆಂಟರ ಹೆಂಗಸೊಬ್ಬರು ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಅಂಚಿನಲ್ಲಿ ತುಟಿಯ ಗುರುತು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಪೆಟ್ಟಿಗೆಗೆ ಇಳಿಸುತ್ತಾರೆ. ಬೆಂಚುಗಳ ಕೆಳಗೆ ಇಂದು ಸಿಕ್ಕಿರುವುದು ಮೂರು ಸಾಮಾನು: ಒಂದು ಕೊಡೆ, ಮಗುವಿನ ಒಂಟಿ ಕಾಲುಚೀಲ, ಕನ್ನಡಕದ ಖಾಲಿ ಡಬ್ಬಿ. ಅವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೀಗ ಹಾಕಿ, ಮರದ ಕುರ್ಚಿಯೊಂದನ್ನು ಕಂಕುಳಿಗೆ ಸೇರಿಸಿಕೊಂಡು ಅಂಗಳ ದಾಟುತ್ತಾರೆ.

ಚರ್ಚಿನ ಹಿಂದೆಯೇ ಸಭಾಪಾಲಕರ, ಅಂದರೆ ಪಾಸ್ಟರರ, ಮನೆ. ಅದರ ಮುಂಬಾಗಿಲಿನ ಹೊರಗೆ, ಮೇಲಿನ ಮೆಟ್ಟಿಲ ಮೇಲೆ ಕುರ್ಚಿ ಇಟ್ಟು, ಬಾಗಿಲಿಗೆ ಬೆನ್ನು ಮಾಡಿ, ಬೀದಿಗೆ ಮುಖ ಕೊಟ್ಟು ಕೂರುತ್ತಾರೆ. ಆರು ಗಂಟೆಗೆ ಸರಿಯಾಗಿ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯುತ್ತದೆ. ಒಳಗಿನಿಂದ ಒಂದು ಕೈ ಮೊಬೈಲ್ ಫೋನನ್ನು ಚಾಚುತ್ತದೆ. ಇವರು ತಿರುಗಿ ನೋಡದೆ ಅದನ್ನು ತೆಗೆದುಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತದೆ. ಸಂಜೆ ಆರರವರೆಗೆ ಆ ಫೋನೂ ಆ ಬಾಗಿಲೂ ಇವರ ವಶ.

ಸಭೆಯಲ್ಲಿ, ಅಂದರೆ ಈ ಚರ್ಚಿಗೆ ಸೇರಿದ ಜನರಲ್ಲಿ, ಇವರನ್ನು ಎಲ್ಲರೂ ಕರೆಯುವುದು ಕುರ್ಚಿಯಕ್ಕ ಎಂದು. ವಾರದ ಉಳಿದ ದಿನ ಇವರದು ಚರ್ಚು ಗುಡಿಸುವ, ಒರೆಸುವ, ಗಂಟೆ ಹೊಡೆಯುವ ಕೆಲಸ. ಸೋಮವಾರದ ಕೆಲಸ ಬೇರೆ: ಸಭಾಪಾಲಕರ ಕುಟುಂಬಕ್ಕೆ ವಾರಕ್ಕೊಂದು ದಿನದ ವಿಶ್ರಾಂತಿ ಸಿಗುವಂತೆ ಬಾಗಿಲು ಕಾಯುವುದು. ಭಾನುವಾರ ಸಭೆಗೆಲ್ಲ ಸಬ್ಬತ್, ಅಂದರೆ ವಿಶ್ರಾಂತಿಯ ದಿನ; ಸಭೆಯನ್ನು ನಡೆಸುವವರಿಗೆ ಅದು ಮೈಮುರಿಯುವ ದುಡಿಮೆಯ ದಿನ. ಅವರ ಸಬ್ಬತ್ ಸೋಮವಾರಕ್ಕೆ ಸರಿದು ನಿಂತಿದೆ. ಅದನ್ನು ಹನ್ನೊಂದು ವರ್ಷದಿಂದ ಹಿಡಿದು ನಿಲ್ಲಿಸಿರುವುದು ಈ ಕುರ್ಚಿ.

"ಮುಂದಿನ ಸೋಮವಾರ ಇಲ್ಲಿ ಕೂತಿರ್ತೀನೋ ಇಲ್ವೋ ಗೊತ್ತಿಲ್ಲ" ಎನ್ನುತ್ತಾರೆ ಕುರ್ಚಿಯಕ್ಕ, ಮಡಿಲಲ್ಲಿನ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟು. "ಭಾನುವಾರ ಮೀಟಿಂಗ್ ಇದೆ. ಈ ರಜೆ ಬೇಕಾ ಬೇಡವಾ ಅಂತ ಅಲ್ಲಿ ತೀರ್ಮಾನ. ಬೇಡ ಅಂತ ಆದ್ರೆ ಅದಕ್ಕೆ ಕಾರಣ ನಾನೇ."

ಆ ಕಾರಣಕ್ಕೆ ಬರುವ ಮುನ್ನ ಈ ಪದ್ಧತಿಯ ಹುಟ್ಟನ್ನು ಹೇಳಬೇಕು. ಸಭೆಯಲ್ಲಿ ಅದರ ಬಗ್ಗೆ ಮೂರು ಕಥೆಗಳು ಚಾಲ್ತಿಯಲ್ಲಿವೆ. ಗಾಯನ ತಂಡದ ಹೆಂಗಸರು ಹೇಳುವಂತೆ, ಹನ್ನೊಂದು ವರ್ಷದ ಹಿಂದೆ ಸಭಾಪಾಲಕರು ನಿದ್ದೆಗೆಟ್ಟು ನಿದ್ದೆಗೆಟ್ಟು, ವಧೂವರರನ್ನು ಎದುರಿಗೆ ನಿಲ್ಲಿಸಿಕೊಂಡು ಶವಸಂಸ್ಕಾರದ ಪ್ರಾರ್ಥನೆಯನ್ನು ಓದಲು ತೊಡಗಿದರು. ಮದುಮಗನ ಚಿಕ್ಕಮ್ಮನ ಪ್ರಕಾರ ಅವರು ಓದಿದ್ದು ಎರಡು ಸಾಲು. ಆ ಮದುವೆಗೆ ಬಂದೇ ಇರದವರ ಪ್ರಕಾರ ಇಡೀ ಪುಟ. ಸಭೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲಿ, ಇದು ಸಮಿತಿ ಕೂಲಂಕಷವಾಗಿ ಚರ್ಚಿಸಿ ಕೈಗೊಂಡ ನಿರ್ಣಯ. ನಿರ್ಣಯ ಪುಸ್ತಕದಲ್ಲಿ ಅದು ಇರುವುದೂ ನಿಜ. ಆದರೆ ಅದರ ತಾರೀಕು ಕುರ್ಚಿ ಬಂದು ಎರಡು ವರ್ಷವಾದ ಮೇಲಿನದು.

ಮೂರನೆಯ ಕಥೆಯನ್ನು ಪಾಸ್ಟರಮ್ಮ, ಅಂದರೆ ಸಭಾಪಾಲಕರ ಹೆಂಡತಿ, ಮತ್ತು ಕುರ್ಚಿಯಕ್ಕ ಬೇರೆ ಬೇರೆ ಕೂತು ಹೇಳಿದರೂ ವಿವರಗಳು ಕೂಡಿಬರುತ್ತವೆ. ಆಗ ಮನೆಯ ಹಜಾರದಲ್ಲಿ ಒಂದು ಉದ್ದನೆಯ ಬೆಂಚು ಇತ್ತು. ಸಭಾಪಾಲಕರನ್ನು ಕಾಣಲು ಬಂದವರು ಅದರ ಮೇಲೆ ಸಾಲಾಗಿ ಕೂರುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಆ ಸಾಲಿನಲ್ಲಿ ಏಳು ಜನರಿದ್ದರು. ಆರನೆಯವಳು ಸಭಾಪಾಲಕರದೇ ಮಗಳು. ವಯಸ್ಸು ಐದು. ಸಮವಸ್ತ್ರ ತೊಟ್ಟು, ಕೈಯಲ್ಲಿ ಒಂದು ಶೂ ಹಿಡಿದು ಕೂತಿದ್ದಳು.

"ಇಲ್ಲಿ ಯಾಕೆ ಕೂತಿದೀಯ ಪುಟ್ಟಿ, ಒಳಗೆ ಹೋಗು ಅಂದೆ" ಎಂದು ನೆನೆಯುತ್ತಾರೆ ಕುರ್ಚಿಯಕ್ಕ. "ನನ್ನ ಸರದಿ ಇನ್ನೂ ಬಂದಿಲ್ಲ ಆಂಟಿ ಅಂದ್ಳು. ಸರದಿ ಬಂತು. ಒಳಗೆ ಹೋಗಿ ಅಪ್ಪನ ಮುಂದೆ ನಿಂತು, 'ಪಾಸ್ಟರ್, ನನ್ನ ಶೂ ಪಟ್ಟಿ ಕಿತ್ತುಹೋಗಿದೆ' ಅಂದ್ಳು. ಅಪ್ಪಾ ಅನ್ನಲಿಲ್ಲ. ಅಲ್ಲಿಗೆ ಬರೋರೆಲ್ಲ ಏನಂತಾರೋ ಅದನ್ನೇ ಅಂದ್ಳು, ಪಾಪ."

ಮುಂದಿನ ಸೋಮವಾರ ಅವರು ಯಾರನ್ನೂ ಕೇಳದೆ ಚರ್ಚಿನ ಕುರ್ಚಿಯೊಂದನ್ನು ಹೊತ್ತು ತಂದು ಮೆಟ್ಟಿಲ ಮೇಲಿಟ್ಟು ಕೂತರು.

ಜನರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವುದು ಅವರಿಗೆ ಹೊಸದಾಗಿರಲಿಲ್ಲ. ಅದಕ್ಕೂ ಮೊದಲು ಒಂಬತ್ತು ವರ್ಷ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದ ಬಾಗಿಲಲ್ಲಿ ಟೋಕನ್ ಕೊಡುತ್ತಿದ್ದರು. ಟೋಕನ್ ಕೊಡಲು ಯಂತ್ರ ಬಂದ ದಿನ ಅವರ ಕೆಲಸ ಹೋಯಿತು. ಚರ್ಚಿನ ಕೆಲಸಕ್ಕೆ ಸೇರಿದಾಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನ ಮಂಡಿ ಆಗಲೇ ಕೈಕೊಡಲು ಶುರುವಾಗಿತ್ತು.

ಮೊದಲ ವರ್ಷ ಬೈಗುಳಕ್ಕೆ ಬರವಿರಲಿಲ್ಲ. "ನಮ್ಮ ಪಾಸ್ಟರನ್ನ ಬಚ್ಚಿಡೋಕೆ ನೀನ್ಯಾರಮ್ಮ ಅಂತ ಮುಖದ ಮೇಲೇ ಕೇಳಿದ್ರು. ಗಾಯನ ತಂಡದ ಮೇಷ್ಟ್ರು ಹಿತ್ತಲಿನ ಗೋಡೆ ಹತ್ತಿ ಇಳಿದ್ರು. ಅಲ್ಲಿ ಪಾಸ್ಟರು ಬನಿಯನ್ ಹಾಕ್ಕೊಂಡು ಬಟ್ಟೆ ಒಣಗಿಸ್ತಾ ಇದ್ರು. ಇಬ್ಬರಿಗೂ ನಾಚಿಕೆ. ಮೇಷ್ಟ್ರು ಒಂದು ಬೆಡ್‌ಶೀಟ್ ಹಿಂಡೋಕೆ ಕೈಹಾಕಿ, ಬಂದ ವಿಷಯ ಹೇಳದೇ ವಾಪಸ್ ಹೋದ್ರಂತೆ."

ಈಗ ಲೆಕ್ಕ ಹೀಗಿದೆ. ಒಂದು ಸೋಮವಾರಕ್ಕೆ ಸುಮಾರು ಹದಿನಾಲ್ಕು ಜನ ಮೆಟ್ಟಿಲಿನ ತನಕ ಬರುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಕರೆಗಳು. ನೋಟ್‌ಬುಕ್ಕಿನ ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ 'ಈಗಲೇ', ಬಲಕ್ಕೆ 'ನಾಳೆ'. ಸಾವು, ಅಪಘಾತ, ಆಸ್ಪತ್ರೆ, ಮನೆಗೆ ಹೋಗಲಾರೆನೆಂದು ನಿಂತವರು, ಅಳುವವರು, ಇವರು ಎಡಕ್ಕೆ. ಕೂಡಲೇ ಬಾಗಿಲು ತಟ್ಟಲಾಗುತ್ತದೆ. ದೀಕ್ಷಾಸ್ನಾನದ ಪತ್ರ, ಸಭಾಂಗಣದ ಬೀಗದ ಕೈ, ಮೈಕಿನ ರಿಪೇರಿ, ಪಕ್ಕದ ಮನೆಯವರ ಮೇಲಿನ ದೂರು, ಇವೆಲ್ಲ ಬಲಕ್ಕೆ. ಎಡ ಭಾಗ ಖಾಲಿಯಾಗಿ ಉಳಿದ ಪುಟಗಳೇ ಹೆಚ್ಚು. ಬರೆಯದೆ ಒಳಕ್ಕೆ ಕೊಡುವ ಕರೆ ಒಂದಿದೆ: ಹಾಸ್ಟೆಲಿನಲ್ಲಿರುವ ಆ ಮಗಳದು. ಅವಳು ಮೊದಲು ಕುರ್ಚಿಯಕ್ಕನ ಕ್ಷೇಮ ವಿಚಾರಿಸಿ ಆಮೇಲೆ ಅಪ್ಪನನ್ನು ಕೇಳುತ್ತಾಳೆ.

ಮುಚ್ಚಿದ ಬಾಗಿಲ ಹಿಂದೆ ಆ ದಿನ ಏನು ನಡೆಯುತ್ತದೆ ಎಂಬ ಕುತೂಹಲ ಸಭೆಗೆ ಇಂದಿಗೂ ತಣಿದಿಲ್ಲ. ಇಡೀ ದಿನ ಮಲಗುತ್ತಾರೆಂದು ಕೆಲವರು, ಬಾಗಿಲು ಹಾಕಿಕೊಂಡು ಉಪವಾಸ ಪ್ರಾರ್ಥನೆ ಮಾಡುತ್ತಾರೆಂದು ಹಲವರು. ಕುರ್ಚಿಯಕ್ಕನಿಗೆ ಕಂಡದ್ದೇನೂ ಇಲ್ಲ, ಕೇಳಿಸಿದ್ದಷ್ಟೇ. "ಗರಗಸದ ಸದ್ದು ಬರುತ್ತೆ. ಪಾಸ್ಟರು ಸ್ಟೂಲ್ ಮಾಡ್ತಾರೆ. ಒಂದೂ ನೆಟ್ಟಗೆ ನಿಲ್ಲಲ್ಲ. ನಗ್ತಾರೆ. ಒಂದು ಸಲ ಗಂಡ ಹೆಂಡತಿ ಒಂದು ಗಂಟೆ ಜಗಳ ಆಡಿದ್ರು. ನನಗೆ ಸಮಾಧಾನ ಆಯ್ತು. ಜಗಳ ಆಡೋಕೂ ಪುರುಸೊತ್ತು ಬೇಕಲ್ಲ."

ಇನ್ನು ತಪ್ಪಿನ ಸಂಗತಿ. ನಾಲ್ಕು ವಾರದ ಹಿಂದಿನ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ, ಎರಡು ಬೀದಿಯಾಚೆಯ ಟೈಲರು ಬಂದರು. ನಡುವಯಸ್ಸಿನವರು; ಸಭೆಯ ಅರ್ಧ ಜನರ ಬಟ್ಟೆ ಹೊಲಿಯುವವರು. ಅವರ ತಂದೆ ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅಂದಿನ ಮಾತನ್ನು ಕುರ್ಚಿಯಕ್ಕ ಎಷ್ಟು ಸಲ ಹೇಳಿದರೂ ಒಂದು ಪದ ಆಚೀಚೆ ಆಗುವುದಿಲ್ಲ.

"ಏನಪ್ಪ, ಏನ್ ಸಮಾಚಾರ?"

"ಏನಿಲ್ಲಕ್ಕ. ಪಾಸ್ಟರ್ ಇದ್ದಾರಾ ಅಂತ ನೋಡೋಣ ಅಂತ ಬಂದೆ."

"ಇದ್ದಾರೆ. ಸೋಮವಾರ ಅಲ್ವಾ. ಅರ್ಜೆಂಟಾ?"

"ಅರ್ಜೆಂಟ್ ಅಂತೇನಿಲ್ಲ."

"ಅಪ್ಪ ಹೇಗಿದ್ದಾರೆ?"

"ಹಾಗೇ ಇದ್ದಾರೆ. ನಾಳೆ ಬರ್ತೀನಿ ಬಿಡಿ."

ನೋಟ್‌ಬುಕ್ಕಿನ ಬಲಭಾಗದಲ್ಲಿ ಆ ಸಾಲು ಇಂದಿಗೂ ಇದೆ: 'ಟೈಲರ್. ಸುಮ್ಮನೆ.' ಅಂದೇ ಸಂಜೆ ಏಳರ ಹೊತ್ತಿಗೆ ಟೈಲರ ತಂದೆ ತೀರಿಕೊಂಡರು. ಕೊನೆಯದಾಗಿ ಒಮ್ಮೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು, ಪಾಸ್ಟರನ್ನು ಕರೆ ಎಂದು ಅವರು ಆ ಮಧ್ಯಾಹ್ನ ಮಗನಿಗೆ ಹೇಳಿದ್ದರು ಎಂಬುದು ಮರುದಿನ ಎಲ್ಲರಿಗೂ ಗೊತ್ತಾಯಿತು.

"ಅವನ ಕೊರಳಲ್ಲಿ ಅಳತೆ ಟೇಪ್ ಇತ್ತು" ಎನ್ನುತ್ತಾರೆ ಕುರ್ಚಿಯಕ್ಕ, ಬೀದಿಯ ಕಡೆಯಿಂದ ಕಣ್ಣು ತೆಗೆಯದೆ. "ಅದನ್ನ ತೆಗೆದಿಡೋಕೂ ಮರೆತು ಬೀದೀಲಿ ಬಂದವನು ಸುಮ್ಮನೆ ಬಂದಿರ್ತಾನಾ? ಕಣ್ಣಿಗೆ ಕಂಡಿತ್ತು. ನಾನು ಕಿವಿಗೆ ಬಿದ್ದಿದ್ದು ಮಾತ್ರ ಬರ್ಕೊಂಡೆ. ಅಳೋರನ್ನ ಒಳಗೆ ಬಿಡೋದು ಕಲಿತಿದ್ದೆ, ಏನಿಲ್ಲ ಅನ್ನೋರನ್ನ ಏನು ಮಾಡಬೇಕು ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ."

ಭಾನುವಾರ ಬರುತ್ತದೆ. ಆರಾಧನೆ ಮುಗಿದ ಮೇಲೆ ನಲವತ್ತು ಜನ ಸಭಾಂಗಣದಲ್ಲಿ ಉಳಿಯುತ್ತಾರೆ. ಕುರ್ಚಿಯಕ್ಕ ಕೊನೆಯ ಸಾಲಿನಲ್ಲಿದ್ದಾರೆ; ನೋಟ್‌ಬುಕ್ಕನ್ನು ಒಪ್ಪಿಸಿ ಹೋಗಲೆಂದು ತಂದಿದ್ದಾರೆ. ಹಿರಿಯರೊಬ್ಬರು ಮಾತು ತೆಗೆಯುತ್ತಾರೆ: "ಡಾಕ್ಟರು ರಜೆ ಹಾಕಿದ್ರೆ ಇನ್ನೊಬ್ಬ ಡಾಕ್ಟರಿರ್ತಾನೆ. ನಮಗಿರೋದು ಒಬ್ಬರೇ ಪಾಸ್ಟರು. ದೇವರ ಕೆಲಸಕ್ಕೆ ಬಿಡುವು ಅಂತ ಹೇಗಿರುತ್ತೆ?"

ಸಭಾಪಾಲಕರು ಎದ್ದು ನಿಲ್ಲುತ್ತಾರೆ. "ವಿಶ್ರಾಂತಿ ಬಗ್ಗೆ ನಿಮಗೆ ವರ್ಷಗಟ್ಟಲೆ ಬೋಧನೆ ಮಾಡಿದೀನಿ. ಒಂದು ಕೈಯಲ್ಲಿ ಫೋನ್ ಹಿಡ್ಕೊಂಡೇ. ಅದು ಏನು ಅಂತ ತಿಳಿದಿದ್ದು ಈ ಅಕ್ಕ ಬಂದು ಕೂತ ಮೇಲೆ. ಆದ್ರೂ ಆ ಮನೆಯವರ ದುಃಖದ ಮುಂದೆ ನನ್ನ ಸೋಮವಾರ ದೊಡ್ಡದಲ್ಲ. ಬಿಟ್ಟುಕೊಡ್ತೀನಿ." ಪಾಸ್ಟರಮ್ಮ ನೆಲ ನೋಡುತ್ತಿದ್ದಾರೆ. ಹಿರಿಯರು ನಿರ್ಣಯ ಪುಸ್ತಕ ಬಿಚ್ಚುತ್ತಾರೆ.

ಆಗ ಟೈಲರು ಎದ್ದರು. ಅವರು ಮಾತಾಡುತ್ತಾರೆಂದು ಯಾರೂ ಎಣಿಸಿರಲಿಲ್ಲ. "ಅಕ್ಕನ ಮೇಲೆ ಕೋಪ ಇಲ್ಲ ಅಂತ ಹೇಳಲಾರೆ. ಇದೆ. ನಾಲ್ಕು ವಾರದಿಂದ ಮುಖ ಕೊಟ್ಟು ಮಾತಾಡಿಲ್ಲ" ಎಂದರು. "ಆದ್ರೆ ಅವತ್ತು ಅವರು ಎರಡು ಸಲ ಕೇಳಿದ್ರು. ಎರಡು ಸಲವೂ ನಾನೇ ಏನಿಲ್ಲ ಅಂದೆ. ಅಪ್ಪ ಹೇಗಿದ್ದಾರೆ ಅಂದ್ರೆ ಹಾಗೇ ಇದ್ದಾರೆ ಅಂದೆ. ಅಪ್ಪ ಹೋಗ್ತಾ ಇದ್ದಾರೆ ಅಂತ ಬಾಯಿಬಿಟ್ಟು ಹೇಳಿದ್ರೆ, ಅದನ್ನ ನಾನು ಒಪ್ಕೊಂಡ ಹಾಗೆ ಆಗ್ತಿತ್ತು. ಪಾಸ್ಟರ್ ಬಾಗಿಲು ತೆಗೆದು ಅವರೇ ಕೇಳಿದ್ರೂ ಅದನ್ನೇ ಹೇಳ್ತಿದ್ದೆ. ಸೋಮವಾರದ ರಜೆ ತೆಗೆದುಹಾಕಿದ್ರೆ ಅದು ಸರಿಹೋಗಲ್ಲ."

"ಮತ್ತೆ ಏನು ಮಾಡಬೇಕಂತೀಯ?" ಎಂದರು ಹಿರಿಯರು.

"ತಿಂಗಳಿಗೆ ಎರಡು ಸೋಮವಾರ ನಾನು ಕೂರ್ತೀನಿ. ಏನಿಲ್ಲ ಅನ್ನೋರ ಮುಖ ನನಗೆ ಗೊತ್ತು."

"ನಿನ್ನ ಅಂಗಡಿ?"

"ಗುಂಡಿ ಹಚ್ಚೋ ಕೆಲಸ ಎಲ್ಲಿ ಕೂತರೂ ಆಗುತ್ತೆ."

ನಿರ್ಣಯ ಪುಸ್ತಕದಲ್ಲಿ ಅಂದು ಬರೆದದ್ದು ಮೂರು ವಾಕ್ಯ. ಸೋಮವಾರ ಮುಂದುವರಿಯತಕ್ಕದ್ದು. ಬಂದವರನ್ನು ನಿಲ್ಲಿಸಿ ಕೇಳದೆ ಕೂರಿಸತಕ್ಕದ್ದು. ಅದಕ್ಕಾಗಿ ಇನ್ನೊಂದು ಕುರ್ಚಿ ಇಡತಕ್ಕದ್ದು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲ ಮೇಲೆ ಟೈಲರಿದ್ದಾರೆ. ಮಡಿಲಲ್ಲಿ ಬಿಳಿ ಅಂಗಿಗಳ ರಾಶಿ. ಹೆಂಗಸೊಬ್ಬರು ಬಂದು, "ಏನಿಲ್ಲಣ್ಣ, ಹಾಗೇ ಬಂದೆ" ಎನ್ನುತ್ತಾರೆ. "ಹಾಗೇನೇ ಕೂತ್ಕೊಳ್ಳಿ" ಎಂದು ಟೈಲರು ಪಕ್ಕದ ಕುರ್ಚಿ ತೋರಿಸಿ, ಸೂಜಿಗೆ ದಾರ ಪೋಣಿಸುತ್ತಾರೆ. ಬೇರೇನೂ ಕೇಳುವುದಿಲ್ಲ. ಮೊದಲ ಗುಂಡಿ ಮುಗಿಯುತ್ತದೆ. ಎರಡನೆಯದು ಮುಗಿಯುವಷ್ಟರಲ್ಲಿ ಆಕೆ ತಗ್ಗಿದ ದನಿಯಲ್ಲಿ ಮಾತಿಗೆ ತೊಡಗುತ್ತಾರೆ. ಮೂರನೆಯದನ್ನು ಅರ್ಧಕ್ಕೆ ಬಿಟ್ಟು ಟೈಲರು ಎದ್ದು ಬಾಗಿಲು ತಟ್ಟುತ್ತಾರೆ.

ಅದೇ ದಿನ ಮಧ್ಯಾಹ್ನ ನಾಲ್ಕು ಬೀದಿಯಾಚೆ, ಎರಡು ಕೋಣೆಯ ಮನೆಯಲ್ಲಿ, ಕುರ್ಚಿಯಕ್ಕ ಒರೆಸಿದ ಕಪಾಟನ್ನೇ ಮತ್ತೆ ಒರೆಸುತ್ತಿದ್ದಾರೆ. ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಕಳೆಯುತ್ತಿರುವ ಮೊದಲ ಸೋಮವಾರ. ಮಂಚದ ಮೇಲೆ ಕಾಲು ಚಾಚಿ ಕೂತ ಗಂಡ ನಗುತ್ತಾರೆ. "ಊರಿಗೆಲ್ಲ ವಿಶ್ರಾಂತಿ ಹಂಚಿದೋಳು. ಈಗ ಇವಳ ಪಾಲಿಗೆ ಬಂದಿದ್ದನ್ನ ಎಲ್ಲಿಡಬೇಕು ಅಂತ ತಿಳೀದೆ ಬೆಳಗಿಂದ ಮನೆಯೆಲ್ಲ ಹುಡುಕ್ತಿದಾಳೆ."

"ನೀವು ಸುಮ್ನಿರಿ" ಎನ್ನುತ್ತಾರೆ ಆಕೆ. ಆದರೆ ಬಟ್ಟೆ ಕೆಳಗಿಟ್ಟು ಮಂಚದ ತುದಿಯಲ್ಲಿ ಕೂರುತ್ತಾರೆ. ಮೆಟ್ಟಿಲ ಬಳಿಯಿಂದ ಬಂದ ನಮ್ಮನ್ನು, ಟೈಲರು ಕೆಲಸ ಹೇಗೆ ಮಾಡುತ್ತಿದ್ದಾರೆಂದು ವಿಚಾರಿಸುತ್ತಾರೆ. ಗುಂಡಿಯ ಸಂಗತಿ ಕೇಳಿ, "ನನಗಿಂತ ನಿಧಾನ ಅವನು. ನಿಧಾನವೇ ಬೇಕಿತ್ತು ಅಲ್ಲಿಗೆ" ಎನ್ನುತ್ತಾರೆ.

ಇನ್ನು ಸಿಗುವ ಸೋಮವಾರಗಳಲ್ಲಿ ಏನು ಮಾಡುವ ಆಸೆ ಎಂದು ಕೇಳಿದರೆ ಗಂಡನ ಕಡೆ ನೋಡುತ್ತಾರೆ. "ಇವರು ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡಿದ್ರು. ನಾವಿಬ್ಬರೂ ಒಟ್ಟಿಗೆ ಬಸ್ ಹತ್ತಿದ್ದು ಆಸ್ಪತ್ರೆಗೆ ಮಾತ್ರ. ಒಂದು ಸೋಮವಾರ ಯಾವುದಾದ್ರೂ ಬಸ್ ಹತ್ತಬೇಕು. ಕೊನೇ ಸ್ಟಾಪ್ ತನಕ ಹೋಗಿ, ಕೆಳಗಿಳೀದೆ, ಅದೇ ಬಸ್ಸಲ್ಲಿ ವಾಪಸ್ ಬರಬೇಕು. ಯಾವ ಕೆಲಸಕ್ಕೆ ಹೋಗಿದ್ರಿ ಅಂತ ಯಾರಾದ್ರೂ ಕೇಳಿದ್ರೆ, ಹೇಳೋಕೆ ನನ್ನ ಹತ್ರ ಒಂದು ಕೆಲಸವೂ ಇರಬಾರದು."

"ಕಿಟಕಿ ಪಕ್ಕದ ಸೀಟು ನಂದು" ಎನ್ನುತ್ತಾರೆ ಗಂಡ.

"ಹೋಗ್ತಾ ನಿಮ್ದು" ಎನ್ನುತ್ತಾರೆ ಆಕೆ. "ಬರ್ತಾ ನಂದು."