ಕುಂಬಾರ ದೇವರ ಕಥೆ ಹೇಳಿದ ಮಧ್ಯಾಹ್ನ

ಆ ಮಧ್ಯಾಹ್ನ ನಾನು ಆಡಿದ ಮಾತುಗಳು ಇವೇ ಎಂದು ಆಣೆ ಮಾಡಿ ಹೇಳಲಾರೆ. ನೆನಪಿನಲ್ಲಿ ಒಮ್ಮೆ ಸೋಫಾದ ಮೇಲೆ ಕುಳಿತಿರುತ್ತೇನೆ, ಇನ್ನೊಮ್ಮೆ ಕಿಟಕಿಗೆ ಒರಗಿ ನಿಂತಿರುತ್ತೇನೆ. ಮೊದಲು ನಕ್ಕವನು ನಾನೇ ಇರಬೇಕು. ಅದೂ ಖಚಿತವಿಲ್ಲ.

ಐರ್ಲೆಂಡಿನ ಲೀಕ್ಸ್‌ಲಿಪ್‌ನ ಬಾಡಿಗೆ ಮನೆಯಲ್ಲಿ ಗೆಳೆಯನ ಹೆಂಡತಿಯ ಸೀಮಂತ. ಅವನೂ ನಾನೂ ಅತ್ಲೋನ್‌ನಲ್ಲಿ ಒಟ್ಟಿಗೆ ಓದಿದವರು. ದಾವಣಗೆರೆಯಿಂದ ಬಂದಿದ್ದ ಅವನ ತಾಯಿ ಒಂದು ಪದ್ಧತಿ ಇಟ್ಟರು: ಬಳೆ ತೊಡಿಸಿದ ಮೇಲೆ ಬಂದವರೆಲ್ಲ ಒಂದೊಂದು ಒಳ್ಳೆಯ ಕಥೆ ಹೇಳಬೇಕು, ಹೊಟ್ಟೆಯಲ್ಲಿರುವ ಕೂಸು ಕೇಳಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಓದಿ ಬಂದಿದ್ದ ನನಗೆ ಇಂಥ ನಂಬಿಕೆ ಕಂಡರೆ ನಾಲಿಗೆ ತುರಿಸುತ್ತಿತ್ತು.

"ನೀನೂ ಹೇಳಪ್ಪ, ಬರೀ ತಿನ್ನಕ್ಕೆ ಬಂದಿದ್ದೀಯೇನು?" ಎಂದರು ಆ ತಾಯಿ.

"ನಂದು ಈಜಿಪ್ಟ್ ದೇವ್ರ ಕಥೆ ಅಮ್ಮ, ನಡೆಯತ್ತಾ?"

"ಯಾವ ದೇವ್ರಾದ್ರೇನು, ಕೂಸಿಗೆ ಒಳ್ಳೇದಾದ್ರೆ ಸಾಕು."

ಮೊದಲು ಕತ್ತಲೆಯ ನೀರು ಮಾತ್ರ ಇತ್ತು, ಅದರಿಂದ ಒಂದು ದಿಬ್ಬ ಎದ್ದಿತು, ದಿಬ್ಬದ ಮೇಲೆ ನಿಂತ ಆತುಮ್ ಎಂಬ ದೇವರು ಉಗುಳಿ ಮಕ್ಕಳನ್ನು ಹುಟ್ಟಿಸಿದ ಎಂದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸೂರ್ಯದೇವ ಅತ್ತಾಗ ಆ ಕಣ್ಣೀರೇ ಮನುಷ್ಯರಾಯಿತು ಎಂದೆ. ಆಮೇಲೆ ಟಗರಿನ ತಲೆಯ ಖ್ನೂಮ್‌ನ ಸರದಿ. ಅವನು ಕುಂಬಾರ. ನೈಲ್ ನದಿಯ ಮಣ್ಣು ತಂದು, ಒಂದೊಂದು ಮಗುವನ್ನೂ ತಿಗರಿಯ ಮೇಲೆ ತಿದ್ದಿ ತಾಯಿಯ ಹೊಟ್ಟೆಯಲ್ಲಿಡುತ್ತಾನೆ. ಕಪ್ಪೆ ತಲೆಯ ದೇವತೆಯೊಬ್ಬಳು ಅದಕ್ಕೆ ಉಸಿರು ತುಂಬುತ್ತಾಳೆ.

ಗೆಳೆಯನ ಹೆಂಡತಿ ನನ್ನ ಕಡೆ ತಿರುಗಿದಳು. "ಕೈ ತಪ್ಪಿದ್ರೆ ಅಣ್ಣ? ಸರಿಯಾಗಿ ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾನೆ?"

"ಏನ್ ಮಾಡ್ತಾನೆ, ಹಿಸುಕಿ ಮತ್ತೆ ಮಣ್ಣಿಗೆ ಹಾಕ್ತಾನೆ. ಕುಂಬಾರನಿಗೆ ಅದೇನ್ ದೊಡ್ಡ ವಿಷ್ಯ?"

ನಾನು ಓದಿದ ಯಾವುದರಲ್ಲೂ ಖ್ನೂಮ್ ಹಾಗೆ ಮಾಡುವುದಿಲ್ಲ. ಕೋಣೆಯಲ್ಲಿದ್ದವರು ನಗಲು ಕಾಯುತ್ತಿದ್ದರು, ನಾನೇ ಸೇರಿಸಿದೆ. ನಕ್ಕರು ಕೂಡ.

ಅವಳು ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಅರಿಶಿನ ಕುಂಕುಮದ ತಟ್ಟೆಯಲ್ಲಿ ಇಡತೊಡಗಿದಳು.

"ಅಯ್ಯೋ, ಹೆರಿಗೆ ಆಗೋವರ್ಗೂ ತೆಗೀಬಾರ್ದು ಕಣೇ!"

"ಕೈ ಊದ್ಕೊಂಡಿದೆ ಅತ್ತೆ."

ಗೆಳೆಯ ನನ್ನ ತೋಳು ಹಿಡಿದು ಹಿತ್ತಲಿಗೆ, ಕಸದ ಡಬ್ಬಿಗಳ ಹತ್ತಿರಕ್ಕೆ ಕರೆದೊಯ್ದ.

"ಗೊತ್ತಿದ್ದೂ ಹೇಳ್ದ್ಯಲ್ಲೋ."

"ಏನ್ ಗೊತ್ತಿತ್ತು?"

"ಸ್ಕ್ಯಾನ್ ವಿಷ್ಯ. ಮಗು ಹಾರ್ಟ್ ಸರಿಯಾಗಿ ಬೆಳ್ದಿಲ್ಲ ಅಂತ. ಅಮ್ಮಂಗೂ ಹೇಳಿಲ್ಲ, ನಿಂಗೊಬ್ನಿಗೇ ಹೇಳಿದ್ದು. ಅವಳು ನಿನ್ನನ್ನೇ ಯಾಕೆ ಕೇಳಿದ್ಳು ಅನ್ಕೊಂಡೆ? ನೀನಾದ್ರೂ ಒಂದು ಒಳ್ಳೇ ಮಾತು ಹೇಳ್ತೀಯ ಅಂತ."

"ನೀನು ನಂಗೆ ಹೇಳಿಲ್ಲ."

"ಹೇಳಿದ್ದೀನೋ."

"ಯಾವತ್ತು? ಎಲ್ಲಿ? ಫೋನಲ್ಲಾ, ಎದುರಿಗಾ?"

ವಕೀಲನಂತೆ ಕೇಳುತ್ತಾ ಹೋದೆ. ಅವನಿಗೆ ನಿದ್ದೆಯಿಲ್ಲದೆ ಎಷ್ಟು ದಿನವಾಗಿತ್ತೋ, ಒಮ್ಮೆ ಫೋನಲ್ಲಿ ಎಂದ, ಇನ್ನೊಮ್ಮೆ ಎದುರಿಗೆ ಎಂದ. ಇಲ್ಲದ್ದನ್ನು ನನ್ನ ಮೇಲೆ ಹಾಕಬೇಡ ಎಂದೆ. ಕೊನೆಗೆ ಅವನೇ, "ಸಾರಿ ಕಣೋ, ತಲೆ ಕೆಟ್ಟಿದೆ, ಹೇಳಿಲ್ವೇನೋ," ಎಂದ. ಪರವಾಗಿಲ್ಲ ಎಂದು ಅವನ ಬೆನ್ನು ತಟ್ಟಿದೆ. ಇಡೀ ದಿನದಲ್ಲಿ ನನಗೆ ಮಸುಕಾಗದೆ ಉಳಿದಿರುವುದು ಇದೊಂದೇ: ನನ್ನ ಅಂಗೈ, ಅವನ ಬೆನ್ನು.

ಮಗು ಹುಟ್ಟಿ ಒಂಬತ್ತು ದಿನ ಬದುಕಿತ್ತು. ನನಗೆ ತಿಳಿದದ್ದು ಬೇರೆಯವರಿಂದ. ಅವರಿಬ್ಬರೂ ಲೀಕ್ಸ್‌ಲಿಪ್ ಬಿಟ್ಟು ವಾಟರ್‌ಫರ್ಡ್‌ಗೆ ಹೋದರು, ಮತ್ತೆ ಕರೆ ಮಾಡಲಿಲ್ಲ. ನಾನು ಮಾತ್ರ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದೆ: ಪಾಪ, ದುಃಖದಲ್ಲಿದ್ದ, ನನಗೆ ಹೇಳಿದ್ದೇನೆ ಅಂದುಕೊಂಡಿದ್ದ. ಹೇಳಿ ಹೇಳಿ ನಾನೂ ನಂಬಿದೆ. ಸುಳ್ಳು ಹೇಳಿದ ನೆನಪು ಈಗಲೂ ನನಗಿಲ್ಲ.

ಹೋದ ತಿಂಗಳು ಹೊಸ ಫೋನಿಗೆ ಹಳೆಯ ಚಾಟ್‌ಗಳನ್ನು ವರ್ಗಾಯಿಸುವಾಗ ಅವನ ಹೆಸರು ಹುಡುಕಿದೆ. ಸೀಮಂತಕ್ಕೆ ನಾಲ್ಕು ದಿನ ಮುಂಚೆ ಅವನು ಸ್ಕ್ಯಾನ್ ವರದಿಯ ಫೋಟೊ ಕಳಿಸಿದ್ದ. ಕೆಳಗೆ ನನ್ನ ಉತ್ತರವಿತ್ತು: "ಓದಿದೆ. ಅವಳಿಗೆ ಧೈರ್ಯ ಹೇಳು. ಶನಿವಾರ ಬರ್ತೀನಿ."